ಅರವತ್ತಮೂರು ಡಿಗ್ರಿ

ಶಿಷ್ಯ ಕೇಳಿದ: "ಗುರುಗಳೇ, ಒಬ್ಬರ ಜೊತೆ ಬಹಳ ಕಾಲ ಬಾಳಿ ಅವರನ್ನು ಪೂರ್ತಿ ತಿಳಿದುಕೊಂಡಿದ್ದೇವೆ ಎಂದಿಟ್ಟುಕೊಳ್ಳಿ. ಆಮೇಲೂ ಅವರನ್ನು ಮತ್ತೆ ಮತ್ತೆ ವಿಚಾರಿಸುತ್ತಲೇ ಇರಬೇಕೇ? ಒಮ್ಮೆ ತಿಳಿದದ್ದು ಸಾಲದೇ?"

ಗುರುಗಳು ಹೇಳತೊಡಗಿದರು.

ಸಕ್ಕರೆ ಕಾರ್ಖಾನೆ ಇರುವ ಒಂದು ಊರು. ಅಲ್ಲಿ ಚಲುವಯ್ಯ ಎಂಬ ಮೆಕ್ಯಾನಿಕ್ ಇದ್ದ. ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಕುದಿಯುವ ದೊಡ್ಡ ಪಾತ್ರೆಗಳಿರುತ್ತವೆ. ಒಳಗೆ ಶಾಖ ಎಷ್ಟು, ಒತ್ತಡ ಎಷ್ಟು ಎಂದು ತೋರಿಸುವ ಮೀಟರುಗಳಿರುತ್ತವೆ. ಆ ಮೀಟರುಗಳು ಸುಳ್ಳು ಹೇಳದಂತೆ ನೋಡಿಕೊಳ್ಳುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಮೀಟರಿನ ಮುಖ ನೋಡದೆ ಅಂದಾಜಿನ ಮೇಲೆ ಅಂಕಿ ಬರೆದವರನ್ನು ಅವನು ಬಯ್ಯದೆ ಬಿಟ್ಟದ್ದಿಲ್ಲ.

ಅವನ ಹೆಂಡತಿ ಸಾಕಮ್ಮ. ಅವರಿಗೆ ಮಕ್ಕಳಿರಲಿಲ್ಲ. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಇಬ್ಬರೇ ಇದ್ದರು. ಹಿತ್ತಿಲಿನಲ್ಲಿ ಶೀಟು ಹೊದಿಸಿದ ಒಂದು ಜಗಲಿ, ಅದರಾಚೆ ಎದೆಯೆತ್ತರದ ಗೋಡೆ, ಗೋಡೆಯಾಚೆ ನೂರ್‌ಜಹಾನ್‌ಬಿಯ ಮನೆ.

ಕಬ್ಬು ಅರೆಯುವುದು ವರ್ಷದಲ್ಲಿ ಕೆಲವು ತಿಂಗಳು ಮಾತ್ರ. ಆಮೇಲೆ ಕಾರ್ಖಾನೆ ನಿಲ್ಲುತ್ತದೆ. ಮೆಕ್ಯಾನಿಕ್ಕಿಗೆ ಮಧ್ಯಾಹ್ನದ ಮೇಲೆ ಕೆಲಸವಿರುವುದಿಲ್ಲ. ಅಂಥ ಒಂದು ಬೇಸಿಗೆಯಲ್ಲಿ ಚಲುವಯ್ಯನಿಗೆ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ ಹಿಡಿಯಿತು.

ಶಿಷ್ಯ ತಲೆ ಎತ್ತಿದ. ಗುರುಗಳು ಅದನ್ನು ಕಂಡು, "ಇದು ಕುಡಿತದ ಕತೆಯಲ್ಲ. ಅವನು ಕುಡಿಯುತ್ತಿದ್ದದ್ದು ಒಂದೇ ಲೋಟ. ಉಳಿದದ್ದನ್ನು ಗೆಳೆಯರಿಗೆ ಕೊಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಅದನ್ನು ಸರಿಯಾಗಿ ಮಾಡುವ ಸುಖ" ಎಂದರು. ಮತ್ತೆ ಮುಂದುವರಿಸಿದರು.

ಆ ಕೆಲಸದಲ್ಲಿ ಕಷ್ಟದ ಘಟ್ಟ ಒಂದಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿಯಾಗಿ ಒಡೆದು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಬೇಕು. ಆ ಒಂದು ಗಂಟೆ ನೀರು ಅರವತ್ತಾರು ಡಿಗ್ರಿಯಲ್ಲೇ ನಿಲ್ಲಬೇಕು. ಕಡಿಮೆಯಾದರೆ ಧಾನ್ಯ ಸಿಹಿ ಬಿಡುವುದಿಲ್ಲ. ಹೆಚ್ಚಾದರೆ ಎಲ್ಲವೂ ಕೆಡುತ್ತದೆ. ಈ ಘಟ್ಟ ಸರಿಹೋದರೆ ಮುಂದಿನದು ಸುಲಭ. ಸೋಸಿ, ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಹುದುಗಲು ಬಿಟ್ಟರಾಯಿತು.

ಮೊದಲ ಎರಡು ವರ್ಷ ಗಂಡ ಹೆಂಡತಿ ಕೂಡಿ ಮಾಡಿದರು. ಜಗಲಿಯ ಮೇಲೆ ಗ್ಯಾಸ್ ಒಲೆ, ಒಲೆಯ ಮೇಲೆ ಪಾತ್ರೆ. ಅವನು ಥರ್ಮಾಮೀಟರ್ ಅದ್ದಿ ಅಂಕಿ ಕೂಗುತ್ತಿದ್ದ. ಅವಳು ಉದ್ದನೆಯ ಸೌಟಿನಿಂದ ತಿರುವುತ್ತ ಉರಿ ಏರಿಸುತ್ತಿದ್ದಳು, ಇಳಿಸುತ್ತಿದ್ದಳು. ಒಂದು ಗಂಟೆ ಎದುರುಬದುರು ಕೂತಿರಬೇಕಲ್ಲ, ಮಾತೂ ನಡೆಯುತ್ತಿತ್ತು, ಜಗಳವೂ ನಡೆಯುತ್ತಿತ್ತು. ಅವಳ ಕಿವಿ ಬಹಳ ಸೂಕ್ಷ್ಮ. ಪಾತ್ರೆಯ ಸದ್ದು ಬದಲಾದರೆ ಥರ್ಮಾಮೀಟರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. "ನಮ್ಮವಳಿಗೆ ಬೀದಿಯಲ್ಲಿ ನಿಂತಿದ್ದರೂ ಒಳಗೆ ಹಾಲು ಉಕ್ಕುವುದು ಕೇಳಿಸುತ್ತದೆ" ಎಂದು ಅವನು ಕಾರ್ಖಾನೆಯಲ್ಲಿ ಹೇಳಿಕೊಳ್ಳುತ್ತಿದ್ದ.

ಮೂರನೆಯ ಬೇಸಿಗೆಯಲ್ಲಿ ಅವನಿಗೆ ಒಂದು ಯೋಚನೆ ಬಂತು. ಕಾರ್ಖಾನೆಯಲ್ಲಿ ಅಷ್ಟು ದೊಡ್ಡ ಪಾತ್ರೆಗಳು ತಾವಾಗಿ ಶಾಖ ಹಿಡಿದು ನಿಲ್ಲುತ್ತವೆ. ಮನೆಯ ಪಾತ್ರೆ ಏಕೆ ನಿಲ್ಲಬಾರದು? ಒಂದು ಮೈಕ್ರೋಕಂಟ್ರೋಲರ್ ಬೋರ್ಡು ತರಿಸಿದ. ಅಂಗೈಗಿಂತ ಚಿಕ್ಕದು. ಅದಕ್ಕೆ ಏನು ಮಾಡಬೇಕೆಂದು ನಾವು ಸಾಲು ಸಾಲಾಗಿ ಬರೆದುಕೊಡಬೇಕು. ಬರೆದದ್ದನ್ನು ಅದು ಮಾಡುತ್ತದೆ. ಬರೆಯದ್ದನ್ನು ಮಾಡುವುದಿಲ್ಲ. ಈ ಬರೆಯುವ ವಿದ್ಯೆಯನ್ನು ಐವತ್ತು ದಾಟಿದ ಮೇಲೆ ಅವನು ಒಬ್ಬನೇ ಕೂತು ಕಲಿತ. ಒಲೆ ತೆಗೆದು ಸ್ಟೀಲ್ ಡ್ರಮ್ಮಿನ ತಳಕ್ಕೆ ಕರೆಂಟಿನ ಹೀಟರ್ ಕೂರಿಸಿದ. ಶಾಖ ಅಳೆಯುವ ಸೆನ್ಸರನ್ನು ಸ್ಟೀಲ್ ಕೊಳವೆಯಲ್ಲಿಟ್ಟು ಡ್ರಮ್ಮಿನೊಳಗೆ ಇಳಿಬಿಟ್ಟ. ಸೆನ್ಸರ್ ಕ್ಷಣಕ್ಷಣಕ್ಕೂ ಬೋರ್ಡಿಗೆ ಅಂಕಿ ಹೇಳಬೇಕು. ಅರವತ್ತಾರಕ್ಕಿಂತ ಕಡಿಮೆಯಿದ್ದರೆ ಬೋರ್ಡು ಹೀಟರ್ ಹಾಕಬೇಕು, ಮುಟ್ಟಿದ ಕೂಡಲೇ ಆರಿಸಬೇಕು. ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಅಡಗಿಸಿ, ಮೇಲೆ ಅಂಕಿ ಕಾಣುವ ಚಿಕ್ಕ ಕಿಟಕಿ ಮಾಡಿದ. ಶಾಖ ಹೊರಗೆ ಹೋಗದಿರಲೆಂದು ಡ್ರಮ್ಮಿನ ಮುಚ್ಚಳಕ್ಕೆ ನಾಲ್ಕು ಬಿಗಿ ಕ್ಲಿಪ್ ಹಾಕಿದ. ಆವಿ ಹೋಗಲು ಒಂದು ತೂತು ಬಿಟ್ಟ.

ಒಂದು ಗಂಟೆ ಪೂರ್ತಿ ಅಂಕಿ ಅಲುಗದೆ ನಿಂತ ದಿನ ಅವನು ಹೆಂಡತಿಯನ್ನು ಕರೆದು ತೋರಿಸಿದ. ಅವಳು ಕಿಟಕಿಯ ಅಂಕಿ ನೋಡಿದಳು. "ಹಾಗಾದರೆ ಇನ್ನು ನಾನು ಕೂರಬೇಕಾಗಿಲ್ಲ" ಎಂದಳು.

"ಬೇಕಾಗಿಲ್ಲ. ನಿನಗೆ ಬಿಡುವು" ಎಂದ.

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವಳು ಸೌಟು ತೊಳೆದು ಒಳಗೆ ನೇತುಹಾಕಿದಳು.

ಅದೇ ವರ್ಷ, ಒಂದು ಬೆಳಿಗ್ಗೆ, ಅವಳು ಬಂದು ಹೇಳಿದಳು: "ರೀ, ಎಡಗಿವಿಯಲ್ಲಿ ಏನೋ ಗುಂಯ್ ಅನ್ನುತ್ತಿದೆ." ಅವನ ಕೈಯಲ್ಲಿ ಬೆಸುಗೆಯ ಕಡ್ಡಿ ಕಾದಿತ್ತು. ಅದನ್ನು ಕೆಳಗಿಟ್ಟು ಎದ್ದ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಾನೇ ಎರಡು ಹನಿ ಬಿಟ್ಟ. ಮರುದಿನ ಕೇಳಿದ, ಹೇಗಿದೆ ಎಂದು. ಪರವಾಗಿಲ್ಲ ಎಂದಳು. ಆಮೇಲೆ ಅವನು ಕೇಳಲಿಲ್ಲ.

ಅವಳ ಕಿವಿ ಸರಿಹೋಗಿರಲಿಲ್ಲ. ಮೊದಲು ಎಡಗಿವಿ ಹೋಯಿತು. ಎರಡು ವರ್ಷದೊಳಗೆ ಬಲಗಿವಿಯೂ ಹೋಗುತ್ತ ಬಂತು. ಅವಳು ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಳು. ಯಾರೂ ಕಲಿಸಲಿಲ್ಲ. ತರಕಾರಿಯವನು ಬೆರಳೆಣಿಸಿ ತೋರಿಸತೊಡಗಿದ. ಹಾಲಿನವಳು ಬಾಗಿಲು ತಟ್ಟುವುದನ್ನು ಬಿಟ್ಟು ಕಿಟಕಿಯಲ್ಲಿ ಕೈಯಾಡಿಸತೊಡಗಿದಳು. ನೂರ್‌ಜಹಾನ್‌ಬಿ ಗೋಡೆಯ ಮೇಲಿಂದ ಬಟ್ಟೆ ಬೀಸಿ ಕರೆಯುತ್ತಿದ್ದಳು. ಇಡೀ ಬೀದಿಗೆ ತಿಳಿದಿತ್ತು.

ಗಂಡನಿಗೆ ಮಾತ್ರ ತಿಳಿಯಲಿಲ್ಲ. ಅದು ಹೇಗೆ ಎಂದು ನೀನು ಕೇಳಬಹುದು. ಕಬ್ಬಿನ ಗಾಣದ ಸದ್ದಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನು ಮನೆಯಲ್ಲೂ ಕೂಗಿಯೇ ಮಾತಾಡುತ್ತಾನೆ. ಆ ಕೂಗಿನಲ್ಲಿ ಕಾಲುಭಾಗ ಅವಳಿಗೆ ಮುಟ್ಟುತ್ತಿತ್ತು. ಉಳಿದ ಮುಕ್ಕಾಲನ್ನು ಅವಳು ಅವನ ತುಟಿಯಿಂದ, ಹೊತ್ತಿನಿಂದ, ಇಷ್ಟು ವರ್ಷದ ರೂಢಿಯಿಂದ ತುಂಬಿಕೊಳ್ಳುತ್ತಿದ್ದಳು. ಎಲ್ಲದಕ್ಕೂ "ಹ್ಞೂಂ" ಎನ್ನುತ್ತಿದ್ದಳು. ಅವನಿಗೆ ಅಷ್ಟು ಸಾಕಾಗಿತ್ತು. ಒಮ್ಮೆ ಅವನು "ನಾಳೆ ನಿನ್ನ ತಮ್ಮ ಬರುತ್ತಾನಂತೆ" ಎಂದರೆ ಅವಳು "ಡಬ್ಬದಲ್ಲಿದೆ, ಹಾಕಿಕೊಳ್ಳಿ" ಎಂದಳು. ತಮ್ಮನ ಮೇಲೆ ಏನೋ ಸಿಟ್ಟಿರಬೇಕು ಎಂದುಕೊಂಡು ಸುಮ್ಮನಾದ. ಅವಳು ಕಿವುಡಿಯಾಗಿರಬಹುದು ಎಂದು ಹೊಳೆಯಲಿಲ್ಲ. ಅವನ ಲೆಕ್ಕದಲ್ಲಿ ಅವಳು ಬೀದಿಯಿಂದಲೇ ಹಾಲು ಉಕ್ಕುವುದನ್ನು ಕೇಳಿಸಿಕೊಳ್ಳುವವಳು.

ಈಗ ಯಂತ್ರದ ವಿಷಯ ಹೇಳಬೇಕು.

ಸೆನ್ಸರಿನ ತಂತಿ ಡ್ರಮ್ಮಿನ ಅಂಚಿನಲ್ಲಿ ಬಾಗಿ ಒಳಗೆ ಹೋಗುತ್ತಿತ್ತು. ಪ್ರತಿ ಸಲ ಮುಚ್ಚಳ ಹಾಕುವಾಗ, ತೆಗೆಯುವಾಗ ಅದೇ ಜಾಗದಲ್ಲಿ ಬಗ್ಗುತ್ತಿತ್ತು. ಯಂತ್ರ ಮಾಡಿದ ನಾಲ್ಕನೆಯ ವರ್ಷ ಅದು ಒಳಗೊಳಗೇ ಸವೆಯಿತು. ಆಗಾಗ ಒಂದು ಕ್ಷಣ ಸಂಪರ್ಕ ತಪ್ಪುತ್ತಿತ್ತು, ಮತ್ತೆ ಸೇರುತ್ತಿತ್ತು. ಅಂಕಿ ಬಾರದಿದ್ದರೆ ಹೀಟರ್ ಆರಿಸಿ ನಿಂತುಬಿಡು ಎಂದು ಚಲುವಯ್ಯ ಮೊದಲೇ ಬರೆದಿದ್ದ. ಅದು ಸರಿಯಾದ ಬರಹ. ಆದರೆ ಅದರಿಂದ ಯಂತ್ರ ಪದೇ ಪದೇ ನಿಲ್ಲತೊಡಗಿತು. ಒಂದು ಸಲ ಅವನು ಪೇಟೆಗೆ ಹೋಗಿ ಬರುವಷ್ಟರಲ್ಲಿ ನಿಂತು, ಡ್ರಮ್ಮು ತಣ್ಣಗಾಗಿ, ಅಷ್ಟು ಬಾರ್ಲಿಯೂ ಹಾಳಾಯಿತು.

ತಂತಿ ಬದಲಿಸಬೇಕಿತ್ತು. ಅರ್ಧ ದಿನದ ಕೆಲಸ. ಕೊಳವೆ ಬಿಚ್ಚಬೇಕು, ಬೆಸುಗೆ ಹಾಕಬೇಕು, ನೀರು ಹೋಗದಂತೆ ಮತ್ತೆ ಮುಚ್ಚಬೇಕು. ಅವನು ಅದನ್ನು ಮಾಡಲಿಲ್ಲ. ಬರಹದಲ್ಲಿ ಎರಡು ಸಾಲು ತಿದ್ದಿದ. ಸೆನ್ಸರಿನಿಂದ ಅಂಕಿ ಬಾರದಿದ್ದರೆ, ಕೊನೆಯ ಸಲ ಬಂದ ಅಂಕಿಯನ್ನೇ ಈಗಿನದು ಎಂದು ತಿಳಿದು ಕೆಲಸ ಮುಂದುವರಿಸು.

ಯಂತ್ರ ನಿಲ್ಲುವುದನ್ನು ಬಿಟ್ಟಿತು. ಅವನು ಸಂತೋಷದಿಂದ ಇದನ್ನು ಕಾರ್ಖಾನೆಯ ಎಲೆಕ್ಟ್ರಿಷಿಯನ್ ಗೆಳೆಯನಿಗೆ ಹೇಳಿದ. ಗೆಳೆಯ ಕೇಳಿಸಿಕೊಂಡು, "ಎಷ್ಟು ಹೊತ್ತಿನವರೆಗೆ?" ಎಂದು ಕೇಳಿದ.

"ಏನು ಎಷ್ಟು ಹೊತ್ತು?"

"ಹಳೆಯ ಅಂಕಿಯನ್ನು ಎಷ್ಟು ಹೊತ್ತು ನಂಬುತ್ತದೆ?"

"ತಂತಿ ತಪ್ಪುವುದೇ ಒಂದೆರಡು ಕ್ಷಣ. ಆಮೇಲೆ ಸೇರಿಕೊಳ್ಳುತ್ತದೆ" ಎಂದ ಚಲುವಯ್ಯ.

ಎಷ್ಟು ಹೊತ್ತು ಎಂಬುದನ್ನು ಅವನು ಬರೆಯಲೇ ಇಲ್ಲ.

ಎರಡು ತಿಂಗಳು ಕಳೆದವು. ಹುಣಸೆಹಣ್ಣು ಬಿಡಿಸುವ ಕಾಲ. ರಜೆಯ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವನು ಡ್ರಮ್ಮಿಗೆ ನೀರು ತುಂಬಿ, ಬಾರ್ಲಿ ಸುರಿದು, ಮುಚ್ಚಳ ಹಾಕಿ ಕ್ಲಿಪ್ ಬಿಗಿದ. ಯಂತ್ರ ಚಾಲೂ ಮಾಡಿದ. ಐವತ್ತೆಂಟು, ಅರವತ್ತು ಎಂದು ಅಂಕಿ ಏರುತ್ತಿತ್ತು. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನ್ ಬಂತು. ಹೊಸ ಮೀಟರುಗಳು ಬಂದಿವೆ, ಬಂದು ನೋಡಿ ಸಹಿ ಹಾಕಿ ಎಂದರು. ಅವನು ಅಂಗಿ ಹಾಕಿಕೊಂಡು ಹೊರಟ.

ಸಾಕಮ್ಮ ಜಗಲಿಯ ಇನ್ನೊಂದು ತುದಿಯಲ್ಲಿ ಮಣೆ ಹಾಕಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ಅವನು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ, ಅವಳಿಗೆ ಬೆನ್ನು ಮಾಡಿ, ಹೇಳಿದ: "ಅದರ ಕಡೆ ಕಿವಿ ಇಟ್ಟಿರು. ಕುದಿಯುವ ಸದ್ದು ಬಂದರೆ ಸ್ವಿಚ್ ಆರಿಸಿಬಿಡು."

ಗಂಡ ಹೊರಗೆ ಹೊರಟಿದ್ದಾನೆ, ಏನೋ ಹೇಳಿದ್ದಾನೆ ಎಂದು ಅವಳಿಗೆ ತಿಳಿಯಿತು. "ಹ್ಞೂಂ" ಎಂದಳು.

ಅವನು ಬೀದಿ ದಾಟುವ ಮೊದಲೇ ತಂತಿ ಪೂರ್ತಿ ತುಂಡಾಯಿತು. ಆಗ ಡ್ರಮ್ಮಿನ ಶಾಖ ಅರವತ್ತಮೂರು. ಸೆನ್ಸರಿನಿಂದ ಇನ್ನು ಯಾವ ಅಂಕಿಯೂ ಬರಲಿಲ್ಲ. ಯಂತ್ರ ತನಗೆ ಹೇಳಿಕೊಟ್ಟಂತೆ ಅರವತ್ತಮೂರು ಎಂದೇ ತಿಳಿದುಕೊಂಡಿತು. ಅರವತ್ತಾರಕ್ಕೆ ಇನ್ನೂ ಮೂರು ಬೇಕು. ಹೀಟರ್ ಹಾಕಿಯೇ ಇಟ್ಟಿತು. ನೀರು ಎಪ್ಪತ್ತಕ್ಕೆ ಬಂತು, ಎಂಬತ್ತಕ್ಕೆ ಬಂತು, ತೊಂಬತ್ತು ದಾಟಿತು. ಕಿಟಕಿಯಲ್ಲಿ ಅರವತ್ತಮೂರು ಎಂದೇ ಇತ್ತು. ಸಾಕಮ್ಮ ನಡುವೆ ಒಮ್ಮೆ ಎದ್ದು ಹೋಗಿ ಕಿಟಕಿ ನೋಡಿದಳಂತೆ. ಸರಿಯಾಗಿದೆ ಎಂದು ಬಂದು ಕೂತಳಂತೆ. ಇದನ್ನು ಆಮೇಲೆ ನೂರ್‌ಜಹಾನ್‌ಬಿ ಹೇಳಿದಳು.

ಬಾರ್ಲಿಯ ತರಿ ಗಂಜಿಯಂತೆ ಗಟ್ಟಿಯಾಗಿ ಉಬ್ಬಿತು. ಹೊಟ್ಟು ಮೇಲೇರಿ ಆವಿಯ ತೂತನ್ನು ಮುಚ್ಚಿತು. ಡ್ರಮ್ಮು ಗುಡುಗತೊಡಗಿತು. ಮುಚ್ಚಳ ಕ್ಲಿಪ್ಪುಗಳ ಕೆಳಗೆ ಅದುರತೊಡಗಿತು. ಆ ಸದ್ದು ಗೋಡೆಯಾಚೆಗೂ ಕೇಳಿಸಿತು. ಮೂರು ಮಾರು ದೂರದಲ್ಲಿ ಸಾಕಮ್ಮ ಬೆನ್ನು ಹಾಕಿ ಕೂತು ಬೀಜ ತೆಗೆಯುತ್ತಿದ್ದಳು.

ನೂರ್‌ಜಹಾನ್‌ಬಿ ಬಟ್ಟೆ ಒಗೆಯುತ್ತಿದ್ದಳು. ಸದ್ದು ಕೇಳಿ ಗೋಡೆಯ ಬಳಿ ಬಂದು ನೋಡಿದಳು. ಕೂಗಿ ಪ್ರಯೋಜನವಿಲ್ಲ ಎಂದು ಅವಳಿಗೆ ಗೊತ್ತು. ಕೈಯಲ್ಲಿದ್ದ ಒದ್ದೆ ಸೀರೆಯನ್ನು ಜೋರಾಗಿ ಬೀಸಿದಳು. ಸಾಕಮ್ಮ ತಲೆ ಎತ್ತಿದಳು. ಏನೋ ಮಾತಿಗೆ ಕರೆದಿದ್ದಾಳೆ ಎಂದು ನಕ್ಕಳು. ನೂರ್‌ಜಹಾನ್‌ಬಿ ಡ್ರಮ್ಮಿನ ಕಡೆ ಕೈ ತೋರಿಸಿದಳು. ಸಾಕಮ್ಮ ತಿರುಗಿದಳು. ಮುಚ್ಚಳದ ಅಂಚಿನಿಂದ ಆವಿ ಚಿಮ್ಮುವುದು ಕಂಡಿತು. ಮಣೆಯಿಂದ ಎದ್ದು ಓಡಿದಳು. ಪಾತ್ರೆ ಉಕ್ಕಿದರೆ ಯಾರಾದರೂ ಏನು ಮಾಡುತ್ತಾರೆ? ಮುಚ್ಚಳ ತೆಗೆಯುತ್ತಾರೆ. ಸೆರಗಿನಿಂದ ಕೈ ಸುತ್ತಿಕೊಂಡು ಬಗ್ಗಿ ಒಂದು ಕ್ಲಿಪ್ ಬಿಡಿಸಿದಳು.

ಬೇಡ, ಬೇಡ ಎಂದು ನೂರ್‌ಜಹಾನ್‌ಬಿ ಕೂಗಿದಳು.

ಮುಚ್ಚಳ ಹಾರಿತು. ಒಳಗಿದ್ದದ್ದೆಲ್ಲ ಅವಳ ಮುಖದ ಮೇಲೆ, ಎದೆಯ ಮೇಲೆ, ಎರಡೂ ಕೈಗಳ ಮೇಲೆ ಬಂತು.

ಚಲುವಯ್ಯ ಬರುವಷ್ಟರಲ್ಲಿ ಬೀದಿಯವರು ಅವಳನ್ನು ಆಟೋದಲ್ಲಿ ಮಲಗಿಸಿದ್ದರು. ನೂರ್‌ಜಹಾನ್‌ಬಿಯ ತೊಡೆಯ ಮೇಲೆ ತಲೆ ಇತ್ತು. ಅವನು ಆಟೋದ ಹಿಂದೆ ಸ್ವಲ್ಪ ದೂರ ಓಡಿದ. ಆಮೇಲೆ ಯಾರೋ ಬೈಕಿಗೆ ಹತ್ತಿಸಿಕೊಂಡರು.

ದೊಡ್ಡ ಆಸ್ಪತ್ರೆಯಲ್ಲಿ ಮೊದಲ ದಿನ ಅವಳಿಗೆ ಪ್ರಜ್ಞೆಯಿತ್ತು. ಕಣ್ಣು ತೆರೆದಿತ್ತು. ಅವನು ಮಂಚದ ತಲೆಯ ಕಡೆ, ಅವಳ ಹಿಂದೆ ನಿಂತು, "ಸಾಕಮ್ಮ, ಸಾಕಮ್ಮ" ಎಂದು ಕರೆಯುತ್ತಿದ್ದ. ಅವಳು ತಿರುಗಲಿಲ್ಲ. ತನ್ನ ಮೇಲೆ ಸಿಟ್ಟು ಎಂದುಕೊಂಡು ಅವನು ಅಲ್ಲೇ ನಿಂತು ಅಳತೊಡಗಿದ. ಅದನ್ನು ನೋಡಿದ ನರ್ಸ್ ಹೇಳಿದಳು: "ಈಚೆ ಬನ್ನಿ ಯಜಮಾನರೇ. ನಿಮ್ಮ ಮುಖ ಕಾಣುವ ಹಾಗೆ ನಿಂತು ಮಾತಾಡಿ."

"ಯಾಕೆ?"

"ಅವರಿಗೆ ಕಿವಿ ಕೇಳಿಸುವುದಿಲ್ಲವಲ್ಲ."

"ಇಲ್ಲಮ್ಮ, ಅವಳ ಕಿವಿ ಚೆನ್ನಾಗಿದೆ" ಎಂದ ಚಲುವಯ್ಯ.

ನರ್ಸ್ ಅವನ ಮುಖ ನೋಡಿದಳು. ತನ್ನ ಕೆಲಸಕ್ಕೆ ಹೋದಳು.

ಅವನು ಈಚೆ ಬಂದು ಮುಂದೆ ನಿಂತ. ದನಿ ಹೊರಡಿಸದೆ ತುಟಿ ಮಾತ್ರ ಆಡಿಸಿ, "ನೋವಾಗುತ್ತಿದೆಯಾ?" ಎಂದ. ಅವಳು ಅವನ ತುಟಿಯನ್ನೇ ನೋಡಿದಳು. ಆಗುತ್ತಿದೆ ಎಂದು ತಲೆಯಾಡಿಸಿದಳು. ಅವನಿಗೆ ನಿಂತಲ್ಲೇ ಎಲ್ಲವೂ ತಿಳಿಯಿತು. ಡಬ್ಬದಲ್ಲಿದೆ ಎಂದದ್ದು ತಿಳಿಯಿತು. ಬಾಗಿಲ ಬಳಿ ಕೇಳಿದ ಹ್ಞೂಂ ತಿಳಿಯಿತು. ಅವಳಿಗೆ ಹೇಳಬೇಕಾದದ್ದು ಬಹಳ ಇತ್ತು. ನರ್ಸ್ ಬಂದು ಹೊರಗೆ ಕಳಿಸಿದಳು. ನಾಳೆ ಬನ್ನಿ ಎಂದಳು.

ಮರುದಿನ ಅವಳ ಮುಖ ಊದಿ ಕಣ್ಣು ಮುಚ್ಚಿಕೊಂಡಿತ್ತು. ಬೆಂದ ಮುಖ ಹಾಗೆ ಊದುತ್ತದೆ. ಈಗ ಅವಳು ಕೇಳಿಸಿಕೊಳ್ಳಲಾರಳು, ನೋಡಲಾರಳು. ಕೈಗಳಿಗೆ ಪಟ್ಟಿ ಕಟ್ಟಿದ್ದರು. ಪಟ್ಟಿಯಿಲ್ಲದೆ ಉಳಿದದ್ದು ಪಾದ ಮಾತ್ರ. ಅವನು ಮಂಚದ ಕಾಲ ಬಳಿ ಕೂತು ಅವಳ ಅಂಗಾಲಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದ. ಯಾರೋ ಏನೋ ಮಾಡುತ್ತಿದ್ದಾರೆ ಎಂದು ಅವಳು ಹೆದರಿ ಕಾಲು ಎಳೆದುಕೊಂಡಳು. ಅವನು ಮತ್ತೆ ಬರೆದ. ಮತ್ತೆ ಎಳೆದುಕೊಂಡಳು. ಮೂರನೆಯ ಸಲ ಬರೆಯಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಅವಳು ತೀರಿಕೊಂಡಳು.

ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಮೂರು ದಿನ ಕಳೆದ ಮೇಲೆ ಚಲುವಯ್ಯ ಪೆಟ್ಟಿಗೆ ಬಿಚ್ಚಿದ. ತಂತಿ ಎಲ್ಲಿ ತುಂಡಾಗಿದೆ ಎಂದು ನೋಡಿದ. ಬರಹ ತೆಗೆದು ಓದಿದ. ಎರಡು ಸಾಲು ಕಂಡವು. ಅವನ ಎಲೆಕ್ಟ್ರಿಷಿಯನ್ ಗೆಳೆಯ ಪಕ್ಕದಲ್ಲಿದ್ದ. "ಬೋರ್ಡಿನದು ತಪ್ಪಿಲ್ಲ" ಎಂದ ಚಲುವಯ್ಯ. ಗೆಳೆಯ ತಾನು ಅಂದು ಕೇಳಿದ ಮಾತನ್ನು ನೆನಪಿಸಲಿಲ್ಲ. ಒಳ್ಳೆಯ ಮನುಷ್ಯ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಸಾಕಮ್ಮನ ತಮ್ಮ ಮಾದೇಶ ಬಂದ. ಊಟದ ಎಲೆ ಎತ್ತಿದ ಮೇಲೆ ಇಬ್ಬರೂ ಅದೇ ಜಗಲಿಯಲ್ಲಿ ಕೂತರು. ಅರ್ಧ ಬಿಡಿಸಿದ ಹುಣಸೆಹಣ್ಣು ಇನ್ನೂ ಮೊರದಲ್ಲೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಚಲುವಯ್ಯ ಹೇಳಿದ: "ಅವಳ ಕಿವಿ ಹೋಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ, ಮಾದೇಶ."

ಮಾದೇಶ ಅವನನ್ನು ನೋಡಿದ. "ನಿಮಗೆ ಗೊತ್ತಿದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು ಭಾವ. ಅಕ್ಕನಿಗೆ ಫೋನಿನಲ್ಲಿ ಕೇಳಿಸುವುದಿಲ್ಲ ಅಂತಲೇ ನಾನು ಎರಡು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತಿದ್ದೆ."

"ನನಗೆ ಒಂದು ಮಾತು ಹೇಳಬಹುದಿತ್ತು ಅವಳು."

"ನಾನೂ ಅದನ್ನೇ ಅಂದೆ. ಹೋದ ದೀಪಾವಳಿಯಲ್ಲಿ ಅಂದೆ. ಭಾವನಿಗೆ ಹೇಳಕ್ಕ, ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಲಿ ಅಂದೆ." ಮಾದೇಶ ನಿಲ್ಲಿಸಿದ. ಹೇಳಬೇಕೋ ಬೇಡವೋ ಎಂದು ಯೋಚಿಸಿದ. ಆಮೇಲೆ ಹೇಳಿದ: "ಒಂದು ಸಲ ಹೇಳಿದ್ದೀನಿ ಕಣೋ ಅಂದಳು. ಇನ್ನೊಂದು ಸಲ ಅವರೇ ಕೇಳಲಿ, ಹೇಳುತ್ತೀನಿ ಅಂದಳು."

ಗೋಡೆಯಾಚೆ ನೂರ್‌ಜಹಾನ್‌ಬಿ ಬಟ್ಟೆ ಹರವುತ್ತಿದ್ದಳು. ಅವಳಿಗೂ ಈ ಮಾತು ಕೇಳಿಸಿತು. ಬಟ್ಟೆಯ ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಹೋದಳು.

ಚಲುವಯ್ಯ ಮತ್ತೆ ಕಾರ್ಖಾನೆಗೆ ಹೋದ. ಆ ವರ್ಷದ ಕಬ್ಬು ಅರೆಯುವ ಕೆಲಸ ಶುರುವಾಯಿತು. ಅವನು ಮೊದಲಿನಂತೆಯೇ ಕೆಲಸ ಮಾಡಿದ. ಆದರೆ ಮೀಟರಿನ ಮುಂದೆ ನಿಂತರೆ ಅಲ್ಲಿಂದ ಕದಲುತ್ತಿರಲಿಲ್ಲವಂತೆ. ಅಂಕಿ ಬರೆದು ಎರಡು ಹೆಜ್ಜೆ ನಡೆದು, ಹಿಂದಿರುಗಿ ಮತ್ತೆ ನೋಡುತ್ತಿದ್ದನಂತೆ. ಮತ್ತೆ ಎರಡು ಹೆಜ್ಜೆ, ಮತ್ತೆ ಹಿಂದಕ್ಕೆ. ಒಂದು ಮೀಟರಿನಿಂದ ಇನ್ನೊಂದಕ್ಕೆ ಹೋಗಲಾಗದೆ ಇಡೀ ಪಾಳಿ ಅಲ್ಲೇ ಕಳೆಯತೊಡಗಿದ. ಕೊನೆಗೆ ಮೇಲಿನವರು ಕರೆಸಿ, ಸಾಕು, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು.

ಆಗ ಅವನು ಇಲ್ಲಿಗೆ ಬಂದ. ನೀನು ಈಗ ಕೂತಿರುವ ಕಂಬದ ಬಳಿಯೇ ಕೂತು ಇದನ್ನೆಲ್ಲ ಹೇಳಿದ. ಜೋರು ದನಿಯ ಮನುಷ್ಯ ಎಂದು ಕೇಳಿದ್ದೆ. ಅವನ ಮಾತು ಕೇಳಿಸಿಕೊಳ್ಳಲು ನಾನು ಮುಂದೆ ಬಗ್ಗಬೇಕಾಯಿತು. ಎಲ್ಲ ಹೇಳಿ ಮುಗಿಸಿ, "ಆ ತಂತಿ ಬದಲಿಸಿದ್ದರೆ ಅವಳು ಇರುತ್ತಿದ್ದಳು, ಅಲ್ಲವೇ?" ಎಂದು ಕೇಳಿದ. ಅವನಿಗೆ ಬೇರೆ ಪ್ರಶ್ನೆ ಕೇಳುವ ಧೈರ್ಯ ಇರಲಿಲ್ಲ. ಹೌದು ಎಂದೆ. ಅಷ್ಟು ಸಾಕು ಎನ್ನುವಂತೆ ಎದ್ದು ನಮಸ್ಕಾರ ಮಾಡಿ ಹೊರಟುಹೋದ. ಆಮೇಲೆ ಅವನನ್ನು ನಾನು ನೋಡಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಇನ್ನೂ ಏನೋ ಉಳಿದಿದೆ ಎಂದು ಶಿಷ್ಯನಿಗೆ ಅನಿಸಿತ್ತು. ಕೊನೆಗೆ, "ಅವನದು ದೊಡ್ಡ ತಪ್ಪು" ಎಂದ.

ಗುರುಗಳು, "ನಿನ್ನವರು ಯಾರಿದ್ದಾರೆ?" ಎಂದು ಕೇಳಿದರು.

"ಅಕ್ಕ ಒಬ್ಬಳಿದ್ದಾಳೆ."

"ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ."

"ಇದು ಯಾವ ದಿನದ ಮಾತು?" ಎಂದರು ಗುರುಗಳು.